‘ಕೆರೆ ನೀರು ಇಳಿದ್ರೂ ಹಂಗೇ ಕಾಣುತ್ತಲ್ಲ ಮಿಸ್?’

ಬೋಧನಾಭ್ಯಾಸದ ಎರಡನೇ ವಾರ ನನ್ನ ಪಾಲಿಗೆ ಬಂದದ್ದು ಎಂಟನೇ ತರಗತಿಯ ‘ಕೆಲವು ನೈಸರ್ಗಿಕ ವಿದ್ಯಮಾನಗಳು’ ಘಟಕ. ಶಾಲೆ ಮುರುಗಮಲ್ಲದಲ್ಲಿ. ಬಸ್ಸಿಳಿದರೆ ದರ್ಗಾಕ್ಕೆ ಬಂದ ಯಾತ್ರಿಕರ ಗುಂಪು, ಹೂವಿನ ಅಂಗಡಿಗಳು, ಅವುಗಳ ಹಿಂದೆ ಬಂಡೆಗುಡ್ಡಗಳು. ತರಗತಿಯಲ್ಲಿ ಅರ್ಧ ಮಕ್ಕಳು ಮನೆಯಲ್ಲಿ ತೆಲುಗು ಆಡುವವರು, ಉಳಿದವರಲ್ಲಿ ಉರ್ದು ಆಡುವವರೂ ಕನ್ನಡ ಆಡುವವರೂ ಇದ್ದರು. ಸಮುದ್ರ ನೋಡಿದವರು ಯಾರೆಂದು ಕೇಳಿದಾಗ ಎದ್ದದ್ದು ಮೂರು ಕೈ.

ಆ ಪ್ರಶ್ನೆ ಕೇಳಲು ಕಾರಣವಿತ್ತು. ಪಾಠದ ಭೂಕಂಪದ ಭಾಗದಲ್ಲಿ 2004ರ ಡಿಸೆಂಬರ್ 26ರ ಸುನಾಮಿಯ ಪ್ರಸ್ತಾಪ ಒಂದೆರಡು ಸಾಲಿನಲ್ಲಿ ಬಂದು ಹೋಗುತ್ತದೆ. ಅದನ್ನೇ ಹಿಡಿದು ‘ವಿಸ್ತರಣೆ’ ಹಂತದಲ್ಲಿ ಉಪಗ್ರಹ ಚಿತ್ರಗಳನ್ನು ತೋರಿಸಬೇಕೆಂದು ಪಾಠ ಯೋಜನೆ ಬರೆದಿದ್ದೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವಳು ನಾನು. ಭೂಕಂಪವಾದ ಮೇಲೆ ಕರಾವಳಿಯ ನೆಲ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದನ್ನು ಆಕಾಶದಿಂದ ಅಳೆಯಬಹುದು ಎಂಬ ಸಂಗತಿ ಮಕ್ಕಳಿಗೆ ಹಿಡಿಸುತ್ತದೆ ಎಂಬ ನಂಬಿಕೆಯಿತ್ತು. ಇಸ್ರೊ ಹೆಸರು ಹೇಳಿದರಂತೂ ನಮ್ಮ ಕಡೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ.

ಪಾಠವನ್ನು ನಮ್ಮ ಜಿಲ್ಲೆಯಿಂದಲೇ ಶುರು ಮಾಡಿದೆ. 2021ರ ಡಿಸೆಂಬರ್ 22ರ ಬೆಳಗ್ಗೆ ಏಳು ಗಂಟೆ ದಾಟಿದ ಮೇಲೆ ಚಿಕ್ಕಬಳ್ಳಾಪುರದ ಕಡೆ ಕೆಲವೇ ನಿಮಿಷಗಳ ಅಂತರದಲ್ಲಿ ಎರಡು ಸಲ ಭೂಮಿ ನಡುಗಿತ್ತು. ಎರಡರ ಪ್ರಮಾಣವೂ 3ರ ಆಸುಪಾಸು. ಪಾತ್ರೆಗಳು ಸದ್ದು ಮಾಡಿದವು, ಜನ ಮನೆ ಬಿಟ್ಟು ಹೊರಗೆ ಓಡಿ ಬಂದರು. ಈ ಮಕ್ಕಳು ಆಗ ಕೆಳಗಿನ ತರಗತಿಗಳಲ್ಲಿದ್ದವರು. ಆದರೂ ಒಬ್ಬ ಹುಡುಗನಿಗೆ ಅಜ್ಜಿ ತನ್ನನ್ನು ಕಂಬಳಿ ಸಮೇತ ಎತ್ತಿಕೊಂಡು ಬೀದಿಗೆ ಬಂದದ್ದು ನೆನಪಿತ್ತು. ಆ ವರ್ಷ ನವೆಂಬರಿನಲ್ಲಿ ಸುರಿದ ಮಳೆ, ಎಷ್ಟೋ ವರ್ಷಗಳ ಮೇಲೆ ಕೋಡಿ ಬಿದ್ದ ಕೆರೆಗಳು, ಎಲ್ಲವೂ ಮಾತಿಗೆ ಬಂದವು. ತರಗತಿ ಬಿಸಿಯಾಯಿತು.

ಅಲ್ಲಿಂದ ಅಂಡಮಾನಿಗೆ ಹಾರಿದೆ. 2004ರ ಆ ಭಾನುವಾರ ಭಾರತೀಯ ಕಾಲಮಾನ ಬೆಳಗ್ಗೆ ಆರೂವರೆಯ ಹೊತ್ತಿಗೆ ಸುಮಾತ್ರಾದ ಹತ್ತಿರ ಕಡಲ ತಳದಲ್ಲಿ ಭೂಮಿ ಬಿರಿಯಿತು. ಪ್ರಮಾಣ 9.1. ಬಿರುಕು ಉತ್ತರಕ್ಕೆ ಹರಿಯುತ್ತ ನಿಕೋಬಾರ್, ಅಂಡಮಾನ್ ದ್ವೀಪಗಳ ಕೆಳಗೂ ಸಾಗಿತು. ಒಟ್ಟು ಉದ್ದ ಸಾವಿರದ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಒಂದು ಕಡೆ ನೆಲ ಎದ್ದಿತು, ಇನ್ನೊಂದು ಕಡೆ ಕುಸಿಯಿತು. ಉತ್ತರ ಅಂಡಮಾನಿನ ಪಶ್ಚಿಮ ತೀರದಲ್ಲಿ, ಉತ್ತರ ಸೆಂಟಿನೆಲ್ ದ್ವೀಪದ ಸುತ್ತಮುತ್ತ, ನೀರಿನೊಳಗಿದ್ದ ಹವಳದ ದಿಬ್ಬಗಳು ಮೇಲೆದ್ದು ಒಣಗಿದವು. ದಕ್ಷಿಣದ ಗ್ರೇಟ್ ನಿಕೋಬಾರಿನಲ್ಲಿ, ನಮ್ಮ ದೇಶದ ದಕ್ಷಿಣ ತುದಿಯಾದ ಇಂದಿರಾ ಪಾಯಿಂಟ್‌ನಲ್ಲಿ ನೆಲ ಕುಸಿದು, ದಡದ ಮೇಲಿದ್ದ ದೀಪಸ್ತಂಭದ ಬುಡಕ್ಕೆ ಕಡಲು ಬಂತು.

ಪ್ರೊಜೆಕ್ಟರಿನಲ್ಲಿ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟೆ. ಎಡಕ್ಕೆ ಭೂಕಂಪದ ಮುಂಚಿನ ದ್ವೀಪ, ಬಲಕ್ಕೆ ಆಮೇಲಿನದು. ಬಲಗಡೆಯ ಚಿತ್ರದಲ್ಲಿ ದ್ವೀಪದ ಸುತ್ತ ಬಿಳಿಚಿದ ಹೊಸ ಅಂಚು. ‘ನೋಡಿ, ಇಷ್ಟು ನೆಲ ಹೊಸದಾಗಿ ಕಾಣುತ್ತಿದೆ. ಅಂದರೆ ಭೂಮಿ ಮೇಲೆದ್ದಿದೆ. ಉಪಗ್ರಹ ಇದನ್ನು ಅಳೆದು ಹೇಳಿತು’ ಎಂದೆ.

ಕಿಟಕಿ ಪಕ್ಕದ ಕೊನೆಯ ಬೆಂಚಿನಿಂದ ಒಬ್ಬ ಹುಡುಗಿ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಕೇಳಿದಳು: ‘ಕೆರೆ ನೀರು ಇಳಿದ್ರೂ ಹಂಗೇ ಕಾಣುತ್ತಲ್ಲ ಮಿಸ್? ನೆಲ ಎದ್ದಿದ್ದು ಅಂತ ಹೆಂಗೆ ಗೊತ್ತಾಯ್ತು?’

ನನ್ನ ಹತ್ತಿರ ಉತ್ತರವಿರಲಿಲ್ಲ. ಹಿಂದಿನ ಸಾಲಿನಲ್ಲಿ ಮೇಲ್ವಿಚಾರಕರು ವೀಕ್ಷಣಾ ಪುಸ್ತಕ ಹಿಡಿದು ಕೂತಿದ್ದರು. ಗಡಿಯಾರದಲ್ಲಿ ಇನ್ನು ಹನ್ನೊಂದು ನಿಮಿಷ, ಮೌಲ್ಯಮಾಪನದ ಐದು ಪ್ರಶ್ನೆಗಳು ಬಾಕಿ. ‘ಅದು ಕೆರೆಯಮ್ಮ, ಇದು ಸಮುದ್ರ. ಸಮುದ್ರ ಕೆರೆ ತರ ಬತ್ತಲ್ಲ. ಕೂತ್ಕೊ’ ಎಂದೆ. ಕೆಲವರು ನಕ್ಕರು. ಅವಳು ಕೂತಳು. ಪಾಠ ಸಮಯಕ್ಕೆ ಸರಿಯಾಗಿ ಮುಗಿಯಿತು. ವೀಕ್ಷಣಾ ಪುಸ್ತಕದಲ್ಲಿ ‘ತರಗತಿ ನಿರ್ವಹಣೆ ಉತ್ತಮ, ಬೋಧನೋಪಕರಣದ ಬಳಕೆ ಸಮರ್ಪಕ’ ಎಂದು ಬಂತು.

ಆ ಸಂಜೆ ಚಿಂತಾಮಣಿಯ ಬಸ್ಸಿನಲ್ಲಿ ಕೂತಾಗ ಆ ಸಾಲನ್ನು ಓದಿ ಸಂತೋಷಪಡಲು ಆಗಲಿಲ್ಲ. ‘ಸಮುದ್ರ ಬತ್ತಲ್ಲ’ ಎಂದಿದ್ದೆ. ಆದರೆ ಇಳಿಯುತ್ತದೆ, ದಿನಕ್ಕೆರಡು ಸಲ. ಪದವಿಯಲ್ಲಿದ್ದಾಗ ಗೆಳತಿಯರ ಜೊತೆ ಮಲ್ಪೆಗೆ ಹೋದಾಗ ನಾನೇ ನೋಡಿದ್ದೆ. ನಾವು ಚಪ್ಪಲಿ ಬಿಟ್ಟ ಜಾಗಕ್ಕೆ ಮಧ್ಯಾಹ್ನದ ಹೊತ್ತಿಗೆ ನೀರು ಬಂದು, ಒಂದು ಜೊತೆ ಚಪ್ಪಲಿ ಹೋಗಿತ್ತು. ಉಬ್ಬರ ಇಳಿತ ನನಗೆ ಗೊತ್ತಿರದ ವಿಷಯವಲ್ಲ. ಪಾಠ ಹೇಳುವಾಗ ನೆನಪಾಗಲಿಲ್ಲ, ಅಷ್ಟೆ. ಸಮುದ್ರವನ್ನೇ ನೋಡದ ಹುಡುಗಿಗೆ ಕೆರೆಯ ಮೂಲಕ ಅದು ಹೊಳೆದಿತ್ತು. ಪ್ರತಿ ಬೇಸಿಗೆಯಲ್ಲೂ ಕೆರೆಯ ಅಂಚು ಒಳಕ್ಕೆ ಸರಿಯುವುದನ್ನೂ ಮಳೆಗಾಲದಲ್ಲಿ ಹೊರಕ್ಕೆ ಬರುವುದನ್ನೂ ನೋಡಿ ಬೆಳೆದವಳು. ನೆಲ ಅಲುಗದೆಯೂ ಅಂಚು ಸರಿಯುತ್ತದೆ ಎಂಬುದು ಅವಳ ಕಣ್ಣಿಗೆ ಗೊತ್ತಿತ್ತು.

ಮುಂದಿನ ನಾಲ್ಕು ದಿನ ಅದನ್ನೇ ಓದಿದೆ. ಕಾಲೇಜಿನ ವಿಜ್ಞಾನ ಉಪನ್ಯಾಸಕರು ಒಂದು ಸಂಶೋಧನಾ ಲೇಖನ ಹುಡುಕಿಕೊಟ್ಟರು. ಏರನ್ ಮೆಲ್ಟ್ಸ್ನರ್, ಕೆರಿ ಸೀ ಮತ್ತು ಅವರ ಸಂಗಡಿಗರು 2006ರಲ್ಲಿ ಪ್ರಕಟಿಸಿದ್ದು, ಇದೇ 2004ರ ಭೂಕಂಪದ ಏರು ಇಳಿತಗಳ ಬಗ್ಗೆ. ನನಗೆ ಪೂರ್ತಿ ಅರ್ಥವಾಗಲಿಲ್ಲ, ಆದರೆ ಅದರ ನಡುಮನೆಯಲ್ಲಿ ಕೂತಿದ್ದದ್ದು ನಮ್ಮ ಕೊನೆಯ ಬೆಂಚಿನ ಪ್ರಶ್ನೆಯೇ. ಮೇಲಿಂದ ತೆಗೆದ ಚಿತ್ರದಲ್ಲಿ ಎತ್ತರ ಕಾಣುವುದಿಲ್ಲ. ಕಾಣುವುದು ನೀರು ಮತ್ತು ನೆಲ ಕೂಡುವ ಗೆರೆ ಮಾತ್ರ. ಆ ಗೆರೆ ಎರಡು ಕಾರಣಕ್ಕೆ ಸರಿಯಬಹುದು: ನೆಲ ಅಲುಗಿದ್ದಕ್ಕೆ, ಇಲ್ಲವೇ ನೀರಿನ ಮಟ್ಟ ಬದಲಾದದ್ದಕ್ಕೆ. ಪೋರ್ಟ್ ಬ್ಲೇರಿನಲ್ಲಿ ಹುಣ್ಣಿಮೆ ಅಮಾವಾಸ್ಯೆಯ ದಿನಗಳಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು ಎರಡು ಮೀಟರ್ ವ್ಯತ್ಯಾಸವಿರುತ್ತದೆ. ಉತ್ತರ ಅಂಡಮಾನಿನಲ್ಲಿ ನೆಲ ಎದ್ದದ್ದೂ ಹೆಚ್ಚುಕಡಿಮೆ ಅಷ್ಟರೊಳಗೇ. ಅಂದರೆ ಉಬ್ಬರದ ಹೊತ್ತಿನ ಒಂದು ಚಿತ್ರ, ಇಳಿತದ ಹೊತ್ತಿನ ಒಂದು ಚಿತ್ರ ಅಕ್ಕಪಕ್ಕ ಇಟ್ಟರೆ ಭೂಕಂಪವೇ ಆಗದೆ ‘ಹೊಸ ನೆಲ’ ಹುಟ್ಟಿಬಿಡುತ್ತದೆ. ನಾನು ತರಗತಿಯಲ್ಲಿ ಮಾಡಿದ್ದು ಅದನ್ನೇ. ನನ್ನ ಚಿತ್ರಗಳು ನಿಜವಿದ್ದವು, ಅವುಗಳಿಂದ ನಾನು ಎಳೆದ ತೀರ್ಮಾನಕ್ಕೆ ಮಾತ್ರ ಆಧಾರವಿರಲಿಲ್ಲ.

ಇದಕ್ಕೆ ಅವರು ಕಂಡುಕೊಂಡ ದಾರಿ ಸರಳ. ಪ್ರತಿ ಉಪಗ್ರಹ ಚಿತ್ರಕ್ಕೂ ತೆಗೆದ ದಿನ, ಗಂಟೆ, ನಿಮಿಷ ದಾಖಲಾಗಿರುತ್ತದೆ. ಉಬ್ಬರ ಇಳಿತ ಚಂದ್ರ ಸೂರ್ಯರ ಸ್ಥಾನಕ್ಕೆ ತಕ್ಕಂತೆ ನಡೆಯುವುದರಿಂದ, ಆ ಜಾಗದಲ್ಲಿ ಆ ನಿಮಿಷಕ್ಕೆ ನೀರು ಎಷ್ಟು ಎತ್ತರದಲ್ಲಿತ್ತೆಂದು ಲೆಕ್ಕ ಹಾಕಬಹುದು. ಹೀಗೆ ಪ್ರತಿ ಚಿತ್ರದ ಪಕ್ಕ ನೀರಿನ ಮಟ್ಟ ಬರೆದುಕೊಂಡ ಮೇಲೆ ಹುಡುಕಬೇಕಾದದ್ದು ಒಂದು ವಿಶೇಷ ಜೋಡಿ. ಮುಂಚಿನ ಚಿತ್ರದಲ್ಲಿ ನೀರು ತಗ್ಗಿನಲ್ಲಿದ್ದೂ ಹವಳದ ದಿಬ್ಬ ಮುಳುಗಿದೆ. ಆಮೇಲಿನ ಚಿತ್ರದಲ್ಲಿ ನೀರು ಅದಕ್ಕಿಂತ ಎತ್ತರದಲ್ಲಿದ್ದೂ ಅದೇ ದಿಬ್ಬ ಹೊರಗಿದೆ. ಹೀಗಾಗಲು ನೆಲ ಏಳಲೇಬೇಕು. ಎಷ್ಟು? ಎರಡು ನೀರಿನ ಮಟ್ಟಗಳ ವ್ಯತ್ಯಾಸಕ್ಕಿಂತ ಕಡಿಮೆಯಿಲ್ಲ. ಕುಸಿದ ಕಡೆ ಇದೇ ತರ್ಕ ತಲೆಕೆಳಗಾಗಿ: ನೀರು ಇಳಿದಿದ್ದರೂ ಮುಂಚೆ ಒಣಗಿದ್ದ ಜಾಗ ಮುಳುಗಿದ್ದರೆ ನೆಲ ಇಳಿದಿದೆ.

ನನಗಿದ್ದ ಇನ್ನೊಂದು ಗೊಂದಲವೂ ಅಲ್ಲೇ ಬಗೆಹರಿಯಿತು. ಆಸ್ಟರ್ ಎಂಬ ಉಪಗ್ರಹ ಕ್ಯಾಮೆರಾದ ಒಂದು ಚುಕ್ಕೆ ನೆಲದ ಮೇಲೆ 15 ಮೀಟರ್. ನಮ್ಮ ರಿಸೋರ್ಸ್‌ಸ್ಯಾಟ್-1ರ ಲಿಸ್-3 ಕ್ಯಾಮೆರಾದ್ದು 23.5 ಮೀಟರ್. ಇಷ್ಟು ದಪ್ಪ ಚುಕ್ಕೆಗಳಲ್ಲಿ ಒಂದು ಮೀಟರಿನ ಏರಿಕೆ ಸಿಗುವುದಾದರೂ ಹೇಗೆ? ಉತ್ತರ ಇಳಿಜಾರಿನಲ್ಲಿದೆ. ನೂರು ಮೀಟರಿಗೆ ಒಂದು ಮೀಟರ್ ಇಳಿಯುವ ಚಪ್ಪಟೆ ದಡವಾದರೆ, ನೆಲ ಒಂದು ಮೀಟರ್ ಎದ್ದಾಗ ನೀರಿನ ಗೆರೆ ನೂರು ಮೀಟರ್ ಹಿಂದೆ ಹೋಗುತ್ತದೆ. ಅದು 15 ಮೀಟರಿನ ಆರೇಳು ಚುಕ್ಕೆ. ಕಡಿದಾದ ಬಂಡೆಯ ದಡದಲ್ಲಿ ಅದೇ ಒಂದು ಮೀಟರ್ ಎದ್ದರೆ ಚಿತ್ರದಲ್ಲಿ ಏನೂ ಕಾಣದು. ಹವಳದ ದಿಬ್ಬಗಳು ಚಪ್ಪಟೆಯಾಗಿರುವುದರಿಂದಲೇ ಅಂಡಮಾನಿನಲ್ಲಿ ಈ ವಿಧಾನ ನಡೆಯಿತು.

ಐದನೇ ದಿನ ಮಾರ್ಗದರ್ಶಿ ಶಿಕ್ಷಕಿಯವರನ್ನು ಕೇಳಿ ಅದೇ ತರಗತಿಯಲ್ಲಿ ಇನ್ನೊಂದು ಅವಧಿ ತೆಗೆದುಕೊಂಡೆ. ಅದು ಅಂಕಕ್ಕೆ ಸೇರದ ಪಾಠ. ಶುರುವಿನಲ್ಲೇ, ‘ಮೊನ್ನೆ ನಾನು ಹೇಳಿದ ಉತ್ತರ ತಪ್ಪು. ಅವಳು ಕೇಳಿದ್ದು ಸರಿ’ ಎಂದೆ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಟೀಚರ್ ಹಾಗೆ ಹೇಳಿದರೆ ಏನು ಮಾಡಬೇಕೆಂದು ಮಕ್ಕಳಿಗೆ ತಿಳಿದಂತಿರಲಿಲ್ಲ. ಅವಳು ತಲೆ ತಗ್ಗಿಸಿ ಪೆನ್ನಿನ ಕ್ಯಾಪು ಕಚ್ಚುತ್ತಿದ್ದಳು.

ಬಿಸಿಯೂಟದ ಕೋಣೆಯಿಂದ ಒಂದು ದೊಡ್ಡ ಪರಾತ ತಂದಿದ್ದೆವು. ಅದರೊಳಗೆ ಒಂದು ಕಡಪಾ ಕಲ್ಲಿನ ತುಂಡನ್ನು ಓರೆಯಾಗಿ ಇಟ್ಟು ನೀರು ತುಂಬಿಸಿದೆವು. ಅರ್ಧ ಕಲ್ಲು ಒಳಗೆ, ಅರ್ಧ ಹೊರಗೆ. ಅದು ನಮ್ಮ ದ್ವೀಪ. ಪರಾತದ ಗೋಡೆಗೆ ಒಂದು ಸ್ಟೀಲ್ ಅಳತೆಪಟ್ಟಿಯನ್ನು ನೆಟ್ಟಗೆ ಅಂಟಿಸಿದೆವು. ತರಗತಿಯನ್ನು ಎರಡು ಗುಂಪು ಮಾಡಿ ಒಂದು ಗುಂಪನ್ನು ಹೊರಗೆ ನಿಲ್ಲಿಸಿದೆ.

ಮೊದಲು ಮೇಲಿಂದ ಮೊಬೈಲಿನಲ್ಲಿ ಒಂದು ಫೋಟೊ. ಆಮೇಲೆ ಲೋಟದಿಂದ ನೀರು ತೆಗೆದು ಮಟ್ಟವನ್ನು ಒಂದು ಸೆಂಟಿಮೀಟರ್ ಇಳಿಸಿ ಎರಡನೇ ಫೋಟೊ. ಮತ್ತೆ ನೀರನ್ನು ಮೊದಲಿನ ಗುರುತಿಗೆ ತಂದು, ಈ ಸಲ ಕಲ್ಲಿನ ಎರಡೂ ತುದಿಗೆ ಸುಮಾರು ಒಂದು ಸೆಂಟಿಮೀಟರ್ ದಪ್ಪದ ಟೈಲ್ಸ್ ಚೂರು ಕೊಟ್ಟು ಎತ್ತಿ, ಅಳತೆಪಟ್ಟಿ ನೋಡಿ ನೀರನ್ನು ಸರಿಮಾಡಿ, ಮೂರನೇ ಫೋಟೊ. ಎರಡು ಸಲವೂ ನೀರಿನ ಗೆರೆ ಕಲ್ಲಿನ ಮೇಲೆ ಹೆಚ್ಚುಕಡಿಮೆ ಆರು ಸೆಂಟಿಮೀಟರ್ ಹಿಂದೆ ಸರಿದಿತ್ತು. ಹೊರಗಿದ್ದ ಗುಂಪನ್ನು ಕರೆದು ಫೋಟೊ ಮಾತ್ರ ತೋರಿಸಿ, ‘ಯಾವುದರಲ್ಲಿ ನೆಲ ಎದ್ದಿದೆ, ಯಾವುದರಲ್ಲಿ ನೀರು ಇಳಿದಿದೆ?’ ಎಂದು ಕೇಳಿದೆ. ದೊಡ್ಡ ಜಗಳವೇ ಆಯಿತು. ಕೊನೆಗೆ ಕೈ ಎತ್ತಿಸಿದಾಗ ಇಬ್ಬಾಗ. ಆಗ ಒಳಗಿದ್ದ ಗುಂಪಿನವರು ಪ್ರತಿ ಫೋಟೊಗೂ ಬರೆದಿಟ್ಟುಕೊಂಡಿದ್ದ ಅಳತೆಪಟ್ಟಿಯ ಅಂಕಿ ಕೊಟ್ಟರು. ಅರ್ಧ ನಿಮಿಷದಲ್ಲಿ ಉತ್ತರ ಬಂತು.

ನಾಲ್ಕನೇ ಸುತ್ತಿನಲ್ಲಿ ಟೈಲ್ಸ್ ಎಷ್ಟಿಟ್ಟೆನೆಂದು ಹೇಳಲಿಲ್ಲ. ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಒಂದು ಅಡ್ಡಗೆರೆ ಎಳೆದಿದ್ದೆ. ಮುಂಚಿನ ಫೋಟೊದಲ್ಲಿ ನೀರು 7 ಸೆಂಟಿಮೀಟರ್, ಗೆರೆ ಮುಳುಗಿದೆ. ಆಮೇಲಿನ ಫೋಟೊದಲ್ಲಿ ನೀರು 8 ಸೆಂಟಿಮೀಟರ್, ಗೆರೆ ಹೊರಗಿದೆ. ‘ಕಲ್ಲು ಎಷ್ಟು ಎದ್ದಿದೆ?’ ಒಂದು ಎಂದರು ಕೆಲವರು, ಎರಡು ಎಂದರು ಕೆಲವರು. ಕೊನೆಯ ಬೆಂಚಿನವಳು ನಿಧಾನವಾಗಿ ಹೇಳಿದಳು: ‘ಕಡಿಮೆ ಅಂದ್ರೂ ಒಂದು. ಜಾಸ್ತಿನೂ ಇರಬಹುದು, ಫೋಟೊದಲ್ಲಿ ಗೊತ್ತಾಗಲ್ಲ.’

ಚಿಂತಾಮಣಿ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸಿಗೆ ಬೆಲೆ ಕೇಳುವಾಗ ಬರುವ ‘ಕಡಿಮೆ ಅಂದ್ರೂ’ ಅದು. ವಿಜ್ಞಾನದ ಅಳತೆಯನ್ನು ಹೇಳಲು ಅದಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಿರಲಿಲ್ಲ. ಅಂಡಮಾನಿನ ಎಷ್ಟೋ ಜಾಗಗಳಿಗೆ ಆ ಲೇಖನದಲ್ಲಿ ಸಿಗುವುದೂ ಇಂಥ ‘ಕಡಿಮೆ ಅಂದ್ರೂ ಇಷ್ಟು’ ಎಂಬ ಅಂಕಿಯೇ. ಪೂರ್ತಿ ಅಳತೆ ಬೇಕೆಂದರೆ ಅಲ್ಲಿಗೆ ಹೋಗಿ ಹವಳವನ್ನೇ ಅಳೆಯಬೇಕು. ಹವಳ ಇಳಿತದ ನೀರಿನ ಮಟ್ಟಕ್ಕಿಂತ ಹೆಚ್ಚು ಮೇಲೆ ಬದುಕಲಾರದು, ಹಾಗಾಗಿ ಸತ್ತ ಹವಳದ ತಲೆ ಈಗಿನ ಮಟ್ಟಕ್ಕಿಂತ ಎಷ್ಟು ಮೇಲಿದೆ ಎಂಬುದೂ ಒಂದು ಅಳತೆಪಟ್ಟಿಯಾಗುತ್ತದೆ.

ಇನ್ನೊಬ್ಬ ಹುಡುಗ ಕೇಳಿದ: ‘ನೀರೇ ಇಲ್ಲದ ಕಡೆ ಹೆಂಗೆ ಅಳೀತಾರೆ?’ ಅದಕ್ಕೆ ಈ ಸಲ ಸಿದ್ಧಳಾಗಿದ್ದೆ. ರೇಡಾರ್ ಉಪಗ್ರಹ ತಾನೇ ಅಲೆ ಕಳಿಸಿ, ನೆಲಕ್ಕೆ ತಾಗಿ ವಾಪಸಾದ ಅಲೆಯನ್ನು ಹಿಡಿಯುತ್ತದೆ. ಮೋಡವಿದ್ದರೂ ರಾತ್ರಿಯಾದರೂ ಕೆಲಸ ನಿಲ್ಲದು. ಒಂದೇ ಜಾಗದ ಮೇಲೆ ಎರಡು ಸಲ ಹಾದುಹೋದಾಗ ಬಂದ ಅಲೆಗಳನ್ನು ಹೋಲಿಸಿ, ನೆಲ ಉಪಗ್ರಹಕ್ಕೆ ಎಷ್ಟು ಹತ್ತಿರವಾಯಿತು, ಎಷ್ಟು ದೂರವಾಯಿತು ಎಂದು ಹೇಳಬಹುದು. 2024ರ ಜನವರಿ 1ರಂದು ಜಪಾನಿನ ನೋಟೊ ಪರ್ಯಾಯ ದ್ವೀಪದಲ್ಲಿ ದೊಡ್ಡ ಭೂಕಂಪವಾದಾಗ ಅಲ್ಲಿನವರು ತಮ್ಮ ರೇಡಾರ್ ಉಪಗ್ರಹದಿಂದ ತೀರ ಸುಮಾರು ನಾಲ್ಕು ಮೀಟರಿನವರೆಗೆ ಎದ್ದಿರುವುದನ್ನು ಕಂಡರು. ಮೀನುಗಾರಿಕೆ ಬಂದರುಗಳ ನೀರೇ ಖಾಲಿಯಾಗಿತ್ತು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ, ಇಸ್ರೊ ಮತ್ತು ನಾಸಾ ಸೇರಿ ಕಟ್ಟಿದ ನೈಸಾರ್ ಉಪಗ್ರಹವೂ ಇದೇ ಜಾತಿಯದು. 12 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುತ್ತದೆ.

‘ಹಂಗಾದ್ರೆ ನಮ್ಮ ಚಿಕ್ಕಬಳ್ಳಾಪುರದ ಭೂಕಂಪ ಅದಕ್ಕೆ ಕಾಣ್ತಿತ್ತಾ?’ ಎಂದು ಕಂಬಳಿಯ ಹುಡುಗ ಕೇಳಿದ. ಕಾಣುತ್ತಿರಲಿಲ್ಲ. ಪ್ರಮಾಣದಲ್ಲಿ ಒಂದು ಅಂಕಿ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 3ರಿಂದ 9ಕ್ಕೆ ಆರು ಮೆಟ್ಟಿಲು. 32ನ್ನು ಆರು ಸಲ ಗುಣಿಸಲು ಹೇಳಿದೆ. ಬೋರ್ಡಿನ ಅಗಲ ಸಾಲದೆ ಬಂದ ಉತ್ತರ ನೂರು ಕೋಟಿಯನ್ನು ದಾಟಿತು. ನಮ್ಮದು ನೆಲದ ಮೇಲೆ ಗುರುತು ಬಿಡುವಷ್ಟು ದೊಡ್ಡದಲ್ಲ ಎಂದಾಗ ಹುಡುಗನಿಗೆ ಸ್ವಲ್ಪ ನಿರಾಸೆಯಾಯಿತು, ಸ್ವಲ್ಪ ಧೈರ್ಯವೂ ಬಂದಂತಿತ್ತು. ಅಜ್ಜಿಗೆ ಹೇಳುತ್ತೇನೆ ಎಂದ.

ಗಂಟೆ ಹೊಡೆಯಿತು. ಮೌಲ್ಯಮಾಪನದ ಪ್ರಶ್ನೆಗಳು ಈ ಸಲವೂ ಬಾಕಿ ಉಳಿದವು. ಮಕ್ಕಳು ಪರಾತದ ನೀರನ್ನು ಗಿಡಗಳಿಗೆ ಹಾಕಿ ಬಂದರು. ಆ ಹುಡುಗಿ ಮಾತ್ರ ಅಳತೆಪಟ್ಟಿ ಬಿಡಿಸುತ್ತ ನಿಂತು, ‘ನೀರೂ ಇಳಿದು ನೆಲಾನೂ ಎದ್ರೆ ಏನು ಮಾಡ್ತಾರೆ ಮಿಸ್?’ ಎಂದಳು. ನೀರು ಇಳಿದದ್ದಷ್ಟನ್ನು ಮೊದಲು ಕಳೆದುಬಿಡುತ್ತಾರೆ, ಉಳಿದದ್ದು ನೆಲದ್ದು ಎಂದೆ. ಒಂದು ನಿಮಿಷ ಯೋಚಿಸಿ ತಲೆಯಾಡಿಸಿದಳು.

ನಮ್ಮ ಪಾಠ ಯೋಜನೆಯ ನಮೂನೆಯಲ್ಲಿ ಶಿಕ್ಷಕರ ಚಟುವಟಿಕೆಗೆ ಒಂದು ಅಂಕಣ, ವಿದ್ಯಾರ್ಥಿಗಳ ಚಟುವಟಿಕೆಗೆ ಒಂದು ಅಂಕಣ ಇದೆ. ವಿದ್ಯಾರ್ಥಿಗಳ ಅಂಕಣದಲ್ಲಿ ನಾವೆಲ್ಲ ಬರೆಯುವುದು ಒಂದೇ: ‘ಗಮನವಿಟ್ಟು ಕೇಳುವರು, ಉತ್ತರಿಸುವರು.’ ಈಗ ನಾನು ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಇನ್ನೊಂದು ಅಂಕಣ ಎಳೆದುಕೊಂಡಿದ್ದೇನೆ, ಮಕ್ಕಳು ಏನು ಕೇಳಬಹುದೆಂದು ಬರೆಯಲು. ಅರ್ಧಕ್ಕರ್ಧ ಸಲ ನನ್ನ ಊಹೆ ತಪ್ಪಾಗುತ್ತದೆ, ಅವರು ಬೇರೆಯೇ ಕೇಳುತ್ತಾರೆ. ಉತ್ತರ ತಿಳಿಯದಿದ್ದರೆ ‘ನಾಳೆ ನೋಡಿಕೊಂಡು ಬರುತ್ತೇನೆ’ ಎಂದು ಹೇಳಿ, ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡುತ್ತೇನೆ. ಮರೆತರೆ ಮಕ್ಕಳೇ ನೆನಪಿಸುತ್ತಾರೆ.

ಕಡಪಾ ಕಲ್ಲು ಮತ್ತು ಟೈಲ್ಸ್ ಚೂರುಗಳನ್ನು ಆ ಶಾಲೆಯ ಪ್ರಯೋಗಾಲಯದ ಕಪಾಟಿನ ಕೆಳಗಿನ ಹಲಗೆಯಲ್ಲಿ ಇಟ್ಟು ಬಂದಿದ್ದೇನೆ. ಮುಂದಿನ ತಂಡದಲ್ಲಿ ಈ ಘಟಕ ಯಾರ ಪಾಲಿಗೆ ಬಂದರೂ ಬಳಸಬಹುದು. ಪರಾತವನ್ನು ಮಾತ್ರ ಬಿಸಿಯೂಟದವರನ್ನು ಕೇಳಿ ತರಬೇಕು, ಹನ್ನೊಂದು ಗಂಟೆಗೆ ಮುಂಚೆ ಹಿಂದಿರುಗಿಸಬೇಕು.